ಜುಲೈನಲ್ಲಿ ದ್ವೀಪ ತೋರಿಸ್ತೀವಿ ಅನ್ನೋರಿಗೆ ಅಡ್ವಾನ್ಸ್ ಕೊಡಬೇಡಿ

ಮಳೆಗಾಲ ಹಿಡಿದ ಕೂಡಲೇ ಮೈಸೂರು, ಮಂಡ್ಯದ ವಾಟ್ಸಾಪ್ ಗುಂಪುಗಳಲ್ಲಿ 'ಎರಡು ದಿನದ ಮಂಗಳೂರು–ಉಡುಪಿ ಪ್ಯಾಕೇಜ್' ಪಟ್ಟಿಗಳು ಓಡಾಡುತ್ತವೆ. ಈ ಜುಲೈನಲ್ಲಿ ಕುವೆಂಪುನಗರದ ಮೂರು ಮನೆಯವರು ಸೇರಿ ಅಂಥದ್ದೊಂದಕ್ಕೆ ಪೂರ್ತಿ ದುಡ್ಡು ಮುಂಚೆಯೇ ಕಟ್ಟಿ, ಭಾನುವಾರ ಬೆಳಿಗ್ಗೆ ಟಿಟಿ (ಟೆಂಪೊ ಟ್ರಾವೆಲರ್) ಹತ್ತಿದರು. ಸೇಂಟ್ ಮೇರೀಸ್ ದ್ವೀಪ ಸಿಗಲಿಲ್ಲ, ಮಂಗಳೂರಿನ ಪಿಲಿಕುಳ ನಿಸರ್ಗಧಾಮ ಸಿಗಲಿಲ್ಲ, ಪಣಂಬೂರು ಬೀಚಿನಲ್ಲಿ ನೀರಿಗಿಳಿಯಲು ಬಿಡಲಿಲ್ಲ. ದುಡ್ಡು ವಾಪಸ್ ಕೇಳಿದರೆ 'ಹವಾಮಾನ ನಮ್ಮ ಕೈಲಿಲ್ಲ ಸಾರ್' ಎಂಬ ಉತ್ತರ.

ಹವಾಮಾನದ ನೆಪ ಇಲ್ಲಿ ನಡೆಯುವುದಿಲ್ಲ. ಉಡುಪಿ ಹತ್ತಿರದ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ಪ್ರವಾಸಿ ಬೋಟುಗಳು ಮುಂಗಾರಿನಲ್ಲಿ, ಸಾಮಾನ್ಯವಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಪ್ರತಿ ವರ್ಷವೂ ನಿಲ್ಲುತ್ತವೆ. ಪಿಲಿಕುಳಕ್ಕೆ ಸೋಮವಾರ ರಜೆ; ಇವರನ್ನು ಕರೆದೊಯ್ದದ್ದು ಸೋಮವಾರವೇ. 'ತಾಜಾ ಮೀನೂಟ' ಅಂತಲೂ ಬರೆದಿತ್ತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಆಗ ತಾಜಾ ಸಿಗುವುದು ನಾಡದೋಣಿಯವರು ತಂದಷ್ಟೇ, ಬೆಲೆಯೂ ಜಾಸ್ತಿ. ಇವೆಲ್ಲ ಪ್ಯಾಕೇಜ್ ಮಾರುವವರಿಗೆ ಗೊತ್ತಿಲ್ಲದ ಸಂಗತಿಗಳಲ್ಲ. ಗೊತ್ತಿದ್ದೇ ಪಟ್ಟಿಗೆ ಹಾಕುತ್ತಾರೆ ಅನ್ನುವುದೇ ನಮ್ಮ ಸಿಟ್ಟು.

ಕಿಲೋಮೀಟರ್ ಲೆಕ್ಕವನ್ನೂ ನೀವೇ ಹಾಕಿ. ಮೈಸೂರಿನಿಂದ ಹುಣಸೂರು, ಕುಶಾಲನಗರ, ಮಡಿಕೇರಿ, ಸಂಪಾಜೆ, ಸುಳ್ಯ, ಪುತ್ತೂರು ಮೇಲೆ ಮಂಗಳೂರಿಗೆ ಸುಮಾರು 250 ಕಿ.ಮೀ. ಮಳೆಯಲ್ಲಿ ಊಟ, ತಿಂಡಿಗೆ ನಿಲ್ಲಿಸಿಕೊಂಡು ಹೋದರೆ ಏಳೆಂಟು ಗಂಟೆ. ಆರಕ್ಕೆ ಹೊರಟರೂ ತಲುಪುವುದು ಮಧ್ಯಾಹ್ನವೇ, ಮರುದಿನ ಮಧ್ಯಾಹ್ನವೇ ವಾಪಸ್ ಹೊರಡಬೇಕು. ಉಳಿದ ಸಮಯದಲ್ಲಿ ಉಡುಪಿಗೆ ಹೋಗಿಬರುವ ಇನ್ನೂ 120 ಕಿ.ಮೀ. ತುರುಕಿದರೆ ನೋಡುವುದು ಕಿಟಕಿ ಮಾತ್ರ. ಸಂಪಾಜೆ ಘಾಟಿಯ ಸ್ಥಿತಿಯನ್ನಂತೂ ಹಿಂದಿನ ರಾತ್ರಿಯೇ ವಿಚಾರಿಸಬೇಕು. 2018ರ ಆಗಸ್ಟ್‌ನಲ್ಲಿ ಮದೆನಾಡು, ಜೋಡುಪಾಲ ಭಾಗದಲ್ಲಿ ಗುಡ್ಡ ಕುಸಿದು ರಸ್ತೆಯೇ ಮುಚ್ಚಿಹೋಗಿತ್ತು.

ಎಲ್ಲಕ್ಕಿಂತ ಭಯ ಹುಟ್ಟಿಸಿದ್ದು ಪಣಂಬೂರಿನ ನಂತರ ನಡೆದದ್ದು. ಹುಡುಗರ ಮುಖ ಸಪ್ಪಗಾಯಿತೆಂದು ಡ್ರೈವರ್ 'ಅಲ್ಲಿ ಯಾರೂ ಕೇಳಲ್ಲ ಬನ್ನಿ' ಅಂತ ಕಾವಲಿಲ್ಲದ ಬಂಡೆ ದಡಕ್ಕೆ ಕರೆದೊಯ್ದ. ಪಾಚಿ ಕಟ್ಟಿದ ಬಂಡೆ ಒಣಗಿದಂತೆ ಕಂಡರೂ ಚಪ್ಪಲಿ ನಿಲ್ಲುವುದಿಲ್ಲ. ನಾಲ್ಕು ಸಣ್ಣ ಅಲೆಗಳ ಹಿಂದೆ ಬರುವ ಒಂದು ದೊಡ್ಡ ಅಲೆ ಸಾಕು. ಒಬ್ಬ ಹುಡುಗ ಜಾರಿ ಮೊಣಕಾಲು ಒಡೆದುಕೊಂಡ, ಪುಣ್ಯಕ್ಕೆ ನೀರಿನ ಕಡೆ ಬೀಳಲಿಲ್ಲ. ಮಂಡ್ಯದ ವಿಸಿ (ವಿಶ್ವೇಶ್ವರಯ್ಯ) ನಾಲೆಯಲ್ಲಿ ಈಜು ಕಲಿತವರು ಸಮುದ್ರವನ್ನೂ ಹಾಗೇ ಅಂದುಕೊಳ್ಳಬೇಡಿ. ಅಲೆ ತಂದ ನೀರು ಕಿರಿದಾದ ಜಾಡಿನಲ್ಲಿ ರಭಸದಿಂದ ಹಿಂದಕ್ಕೆ ಹೋಗುತ್ತದೆ. ಆ ಜಾಡಿನಲ್ಲಿ ಅಲೆ ಅಷ್ಟಾಗಿ ಒಡೆಯದ ಕಾರಣ ನೀರು ಶಾಂತವಾಗಿ ಕಾಣುತ್ತದೆ, ಜನ ಅಲ್ಲೇ ಇಳಿಯುತ್ತಾರೆ. ಸೆಳೆತಕ್ಕೆ ಸಿಕ್ಕರೆ ನೇರ ದಡಕ್ಕೆ ಈಜಬಾರದು, ಸುಸ್ತಾಗಿ ಮುಳುಗುತ್ತಾರೆ. ತೇಲುತ್ತಾ, ಕೈ ಎತ್ತಿ ಕೂಗುತ್ತಾ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ಸೆಳೆತ ಬಿಟ್ಟ ಮೇಲೆ ದಡದತ್ತ ತಿರುಗಬೇಕು. ಕೆಂಪು ಬಾವುಟ ಇದ್ದರೆ ಮೊಣಕಾಲು ನೀರಿಗೂ ಬೇಡ.

ಹೋಗಲೇಬೇಕು ಅಂದರೆ ಡಿಸೆಂಬರ್, ಜನವರಿಗೆ ಇಟ್ಟುಕೊಳ್ಳಿ, ಎರಡು ರಾತ್ರಿ ಉಳಿಯಿರಿ. ಯಾವ ದಿನ ಯಾವ ಜಾಗ, ಬೋಟ್ ಟಿಕೆಟ್ ಸೇರಿದೆಯೇ, ಟೋಲ್, ಪಾರ್ಕಿಂಗ್, ಡ್ರೈವರ್ ಬಾಟಾ ಯಾರದ್ದು, ಒಂದು ಜಾಗ ತಪ್ಪಿದರೆ ಎಷ್ಟು ವಾಪಸ್ ಎಂಬುದನ್ನು ಬಾಯಲ್ಲಲ್ಲ, ಮೆಸೇಜ್‌ನಲ್ಲಿ ಬರೆಸಿಕೊಳ್ಳಿ. ಗಾಡಿಗೆ ಹಳದಿ ಬೋರ್ಡ್ ಇದೆಯೇ ನೋಡಿ. ಬಿಳಿ ಬೋರ್ಡಿನ ಗಾಡಿ ಬಾಡಿಗೆಗೆ ಓಡಿ ಅಪಘಾತವಾದರೆ ವಿಮೆಗೆ ತಕರಾರು ಬರುತ್ತದೆ. ಈಗಾಗಲೇ ದುಡ್ಡು ಕಳೆದುಕೊಂಡಿದ್ದರೆ ಆ ಪಟ್ಟಿ, ಪಾವತಿಯ ರಸೀದಿ, ಚಾಟ್ ಯಾವುದನ್ನೂ ಅಳಿಸದೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು.