ಮೈಸೂರಿನ ಮಂಡಿ ಮೊಹಲ್ಲಾದ ಹಾರ್ಮೋನಿಯಂ ರಿಪೇರಿ: ಹತ್ತು ದಿನ ತಡವಾಯಿತು, ಆದರೂ ಮತ್ತೆ ಅಲ್ಲಿಗೇ ಹೋಗುತ್ತೇನೆ

ನಮ್ಮ ಹಾರ್ಮೋನಿಯಂನ ಪಂಚಮ (ಪ ಸ್ವರ) ಕೈಕೊಟ್ಟಿದ್ದು ಮೇ ತಿಂಗಳ ವಿ.ಬಿ.ಎಸ್.ನ (ರಜೆಯಲ್ಲಿ ಮಕ್ಕಳಿಗೆ ನಡೆಸುವ ಬೈಬಲ್ ಶಾಲೆ) ಮೂರನೇ ದಿನ. ಅರವತ್ತು ಮಕ್ಕಳು ಚಾಪೆ ಮೇಲೆ ಕೂತಿದ್ದರು. ಹಾಡಿನ ಮಧ್ಯೆ ಆ ಮನೆ, ಅಂದರೆ ಕೀಲಿ, ಒತ್ತಿದರೆ ಬರೀ ಗಾಳಿ. ಪಕ್ಕದ ಮನೆ ಒತ್ತದಿದ್ದರೂ ಕೂಗುತ್ತಿತ್ತು. ಚಪ್ಪಾಳೆ ತಟ್ಟಿಸಿ ಹಾಡು ಮುಗಿಸಿದೆ.

ಮಳವಳ್ಳಿ ತಾಲ್ಲೂಕಿನ ಎರಡು ಹಳ್ಳಿಗಳಲ್ಲಿ ನಾನು ಹನ್ನೊಂದು ವರ್ಷದಿಂದ ಮಕ್ಕಳ ಸೇವೆ ಮಾಡುತ್ತಿದ್ದೇನೆ. ಭಾನುವಾರ ಸಂಡೇ ಸ್ಕೂಲ್, ವಾರದ ದಿನ ಸಂಜೆ ಟ್ಯೂಷನ್, ಶನಿವಾರ ಯುವಜನರ ಕೂಟ. ಹಾರ್ಮೋನಿಯಂ ನಮ್ಮ ಹಿಂದಿನ ಅಯ್ಯನವರು (ಪಾದ್ರಿ) ನಿವೃತ್ತರಾಗುವಾಗ ಸಭೆಗೆ ಬಿಟ್ಟುಹೋದದ್ದು. 39 ಮನೆ, ಡಬಲ್ ರೀಡ್: ಒಂದೊಂದು ಮನೆಗೂ ಸ್ವರ ಕೊಡುವ ಎರಡೆರಡು ಹಿತ್ತಾಳೆ ನಾಲಿಗೆ. ಅಂದರೆ ಒಳಗೆ 78 ರೀಡ್ ಇವೆ.

ಮೊದಲು ಬೇರೆ ಒಂದು ಅಂಗಡಿಗೆ ಒಯ್ದೆ. ಅವರು ಮುಚ್ಚಳ ಕೂಡ ತೆಗೆಯಲಿಲ್ಲ. ಇದನ್ನು ಗುಜರಿಗೆ ಹಾಕಿ, ಕೀಬೋರ್ಡ್ ತಗೊಳ್ಳಿ ಅಂದರು. ಕೀಬೋರ್ಡ್ ನಮ್ಮಲ್ಲಿ ಒಂದು ಇದೆ, ಯಾರೋ ಕಾಣಿಕೆ ಕೊಟ್ಟಿದ್ದು. ಸಂಜೆ ಆರಕ್ಕೆ ಕರೆಂಟ್ ಹೋದರೆ ಅದೂ ಮಲಗುತ್ತದೆ. ಆಮೇಲೆ, ಡಿಸೆಂಬರ್ ರಾತ್ರಿ ಕ್ಯಾರಲ್ ರೌಂಡ್ಸ್‌ಗೆ ಹೋಗುವಾಗ ಹಾರ್ಮೋನಿಯಂ ಆದರೆ ಟವಲ್ ಕಟ್ಟಿ ಕೊರಳಿಗೆ ನೇತುಹಾಕಿಕೊಂಡು ಮನೆಮನೆಗೂ ನಡೆಯಬಹುದು. ಕೀಬೋರ್ಡ್‌ನಲ್ಲಿ ಅದು ಆಗುತ್ತಾ?

ಈ ಪೆಟ್ಟಿಗೆಯ ಮೇಲೆ ನನಗೆ ಯಾಕೆ ಇಷ್ಟು ಪ್ರೀತಿ ಅಂತ ಹೇಳಬೇಕು. ನಾನು ಆ ಊರಿಗೆ ಹೊಸದಾಗಿ ಹೋದಾಗ ಜನ ದೂರದಿಂದಲೇ ನೋಡುತ್ತಿದ್ದರು. ಯಾಕೆ ಬಂದಿದ್ದೀಯಮ್ಮ ಅಂತ ನೇರವಾಗಿ ಕೇಳಿದವರೂ ಇದ್ದಾರೆ. ಅವರು ಕೇಳಿದ್ದು ತಪ್ಪಲ್ಲ. ಒಂದು ಸಂಜೆ ಜಗಲಿ ಮೇಲೆ ಮಕ್ಕಳಿಗೆ ಕೀರ್ತನೆ ಹೇಳಿಕೊಡುತ್ತಿದ್ದೆ. ಎಂಬತ್ತು ದಾಟಿದ ಒಬ್ಬ ತಾತ ಬಂದು ಪಕ್ಕದಲ್ಲಿ ಕೂತರು. ಅವರು ಕುರುಕ್ಷೇತ್ರ ನಾಟಕದ ಹಾರ್ಮೋನಿಯಂ ಮೇಷ್ಟ್ರು. "ಕಪ್ಪು ಮೂರರಲ್ಲಿ ಹಿಡಿಯಮ್ಮ, ಮಕ್ಕಳ ಗಂಟಲಿಗೆ ಇದು ತಗ್ಗಾಯ್ತು" ಅಂದರು. ಮೂರನೇ ಕಪ್ಪು ಮನೆಯನ್ನೇ ಸ ಮಾಡಿ ಹಿಡಿದೆ. ಮಕ್ಕಳ ದನಿ ಬೀದಿ ಕೊನೆಗೂ ಕೇಳಿಸಿತು. ಮಾರನೇ ದಿನ ತಾತ ತಮ್ಮ ಮೊಮ್ಮಗನನ್ನು ಟ್ಯೂಷನ್‌ಗೆ ಕಳಿಸಿದರು.

ಮಂಡ್ಯ ಕಡೆ ಹಾರ್ಮೋನಿಯಂ ಅಂದರೆ ನಾಟಕ. ಆದರೆ ಇದು ಹುಟ್ಟಿದ್ದು ಫ್ರಾನ್ಸಿನಲ್ಲಿ, 1840ರ ಸುಮಾರಿಗೆ. ಮಿಷನರಿಗಳು ಇಲ್ಲಿಗೆ ತಂದದ್ದು ಕಾಲಲ್ಲಿ ಒತ್ತುವ, ಕುರ್ಚಿ ಮೇಲೆ ಕೂತು ನುಡಿಸುವ ವಾದ್ಯ. ಕಲ್ಕತ್ತಾದ ದ್ವಾರಕಾನಾಥ್ ಘೋಷ್ ಅದನ್ನು ಚಿಕ್ಕದು ಮಾಡಿ, ಒಂದು ಕೈಯಲ್ಲಿ ತಿದಿ ಒತ್ತುವ ಹಾಗೆ ರೂಪಿಸಿದರು. ಅದು ನೆಲಕ್ಕೆ ಇಳಿದ ಮೇಲೆಯೇ ಹಳ್ಳಿ ಜಗಲಿಗೂ ಬಂತು, ನಾಟಕದ ಕಂಪನಿಗೂ ಹೋಯಿತು. ಗಮಕ (ಸ್ವರದ ಓಲಾಟ) ಬರಲ್ಲ ಅಂತ 1940ರಿಂದ 1971ರವರೆಗೆ ರೇಡಿಯೋದವರು ಇದನ್ನು ದೂರ ಇಟ್ಟಿದ್ದರು. ರೇಡಿಯೋಗೆ ಆಕಾಶವಾಣಿ ಅನ್ನೋ ಹೆಸರು ಕೊಟ್ಟ ಮೈಸೂರಿನವಳಾಗಿ ನನಗೆ ಅದು ಸ್ವಲ್ಪ ನೋವಿನ ವಿಷಯ.

ಸರಿ, ಅಂಗಡಿಗೆ ಬರುತ್ತೇನೆ. ಮಂಡಿ ಮೊಹಲ್ಲಾದ ಒಂದು ಓಣಿಯಲ್ಲಿದೆ, ಬೋರ್ಡ್ ಇಲ್ಲ. ನನಗೆ ದಾರಿ ಹೇಳಿದ್ದು ಆ ನಾಟಕದ ತಾತನೇ. ಒಂದೇ ಕೋಣೆ. ಗೋಡೆ ತುಂಬ ಬಿಚ್ಚಿಟ್ಟ ತಿದಿಗಳು. ರಿಪೇರಿ ಮಾಡುವ ಮೇಷ್ಟ್ರಿಗೆ ಎಪ್ಪತ್ತರ ಹತ್ತಿರ ಇರಬೇಕು. ಬನ್ನೂರು ಮೇಲೆ ಬರುವ ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆ ಮೇಲೆ ಇಟ್ಟುಕೊಂಡು ಹೋಗಿದ್ದೆ. ಜೊತೆಗೆ ತಾತನ ಮೊಮ್ಮಗ. ಎಸ್.ಎಸ್.ಎಲ್.ಸಿ. ಮುಗಿಸಿ ಮುಂದೆ ಓದದೆ ಕಬ್ಬು ಕಡಿಯಲು ಹೋಗುತ್ತಿದ್ದ.

ಮೇಷ್ಟ್ರು ಮೊದಲು ಕೇಳಿದ್ದು ರೇಟಿನ ಮಾತಲ್ಲ. ಯಾರು ಹಾಡ್ತಾರೆ ಅಂತ. ಮಕ್ಕಳು ಅಂದೆ. ಸ್ಕ್ರೂ ಬಿಚ್ಚಿ ಒಂದೊಂದೇ ತೋರಿಸಿದರು. ಕೂಗುತ್ತಿದ್ದ ಮನೆಯ ಕೆಳಗೆ ಒಂದು ರಾಗಿ ಕಾಳು! ಪೆಟ್ಟಿಗೆಯನ್ನು ರಾಗಿ ಮೂಟೆ ಪಕ್ಕ ಇಡುತ್ತಿದ್ದೆವು, ಇಲಿ ಕೆಲಸ. ಕಾಳು ಅಡ್ಡ ಬಂದು ಆ ಮನೆಯ ಕೆಳಗಿನ ಗಾಳಿಕಂಡಿಯ ಮುಚ್ಚಳ ಪೂರ್ತಿ ಕೂರುತ್ತಿರಲಿಲ್ಲ, ಅಲ್ಲಿಂದ ಗಾಳಿ ನುಗ್ಗುತ್ತಿತ್ತು. ಪಂಚಮದ ಎರಡೂ ಹಿತ್ತಾಳೆ ನಾಲಿಗೆಗಳು ಬುಡದಲ್ಲಿ ಸೀಳಿದ್ದವು. ತಿದಿಯ ಮೂಲೆಯನ್ನು ಇಲಿ ಕಡಿದಿತ್ತು. ಎರಡು ರೀಡ್ ಮಾತ್ರ ಹೊಸದು ಹಾಕುತ್ತೇನೆ, ಉಳಿದವು ಚೆನ್ನಾಗಿವೆ, ಸುಮ್ನೆ ದುಡ್ಡು ಯಾಕೆ ಅಂದರು. ಹೊಸದು ಗುಜರಾತಿನ ಪಾಲಿತಾಣದ್ದು. ಶ್ರುತಿ ಮಾಡುವಾಗ ನಾಲಿಗೆಯ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಹುಡುಗ ಅದನ್ನು ಕಣ್ಣು ಮಿಟುಕಿಸದೆ ನೋಡಿದ. ಆ ಹುಡುಗ ಯಾವುದನ್ನಾದರೂ ಅಷ್ಟು ಗಮನವಿಟ್ಟು ನೋಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಈಗ ದೂರು. ಎಂಟು ದಿನ ಅಂದವರು ಹದಿನೆಂಟು ದಿನ ಮಾಡಿದರು. ಒಮ್ಮೆ ಮಳವಳ್ಳಿಯಿಂದ ಹೋಗಿ ಬರಿಗೈಲಿ ವಾಪಸ್ ಬಂದೆ. ಫೋನ್ ಮಾಡಿದರೆ ಎತ್ತುವುದಿಲ್ಲ. ಎರಡನೇ ಹಳ್ಳಿಯ ವಿ.ಬಿ.ಎಸ್. ಪೂರ್ತಿ ಕಂಜೀರ ಒಂದರಲ್ಲೇ ನಡೆಯಿತು, ಮಕ್ಕಳು ಪೆಟ್ಟಿಗೆ ಎಲ್ಲಿ ಎಲ್ಲಿ ಅಂತ ಕೇಳುತ್ತಲೇ ಇದ್ದರು. ಅದು ನನಗೆ ನಿಜವಾಗಿ ಬೇಜಾರಾಯಿತು, ಮೇಷ್ಟ್ರಿಗೂ ಹೇಳಿದೆ. ಬಿಲ್ ಪುಸ್ತಕವೂ ಇಲ್ಲ. ಸಭೆಯ ಲೆಕ್ಕಕ್ಕೆ ಚೀಟಿ ಬೇಕೇ ಬೇಕು ಅಂದಾಗ ಹಳೆ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದು ಸಹಿ ಹಾಕಿ ಕೊಟ್ಟರು. ಒಟ್ಟು 2,800 ರೂಪಾಯಿ.

ಆದರೆ ಕೆಲಸ ನೋಡಿ. ತಿದಿ ಈಗ ಒಂದೇ ಒತ್ತಿಗೆ ಎಷ್ಟು ಹೊತ್ತು ಗಾಳಿ ಹಿಡಿಯುತ್ತದೆ ಅಂದರೆ, ಆರನೇ ಕ್ಲಾಸಿನ ಹುಡುಗಿಯರೂ ದಣಿಯದೆ ನುಡಿಸುತ್ತಾರೆ. 78ರಲ್ಲಿ ಒಂದೂ ಅಪಸ್ವರ ಇಲ್ಲ. ಮಳೆಗಾಲ ಪೂರ್ತಿ ನಾಲೆ ಬಯಲಿನ ತೇವದಲ್ಲಿ ಇಟ್ಟಿದ್ದೆವು, ಶ್ರುತಿ ಕದಲಿಲ್ಲ.

ಇನ್ನೊಂದು. ಪೆಟ್ಟಿಗೆ ತರಲು ಹೋದ ದಿನ ಮೇಷ್ಟ್ರು ಹುಡುಗನಿಗೆ, ಭಾನುವಾರ ಬಿಟ್ಟು ಯಾವ ದಿನ ಬೇಕಾದರೂ ಬಾ, ಕಲಿಸ್ತೀನಿ ಅಂದರು. ಭಾನುವಾರ ನಿಮ್ಮಲ್ಲಿ ನುಡಿಸೋರು ಬೇಕಲ್ಲ ಅಂತ ನನ್ನ ಕಡೆ ನೋಡಿದರು. ಅವನು ಈಗ ತಿಂಗಳಿಗೆ ಎರಡು ಸಲ ಹೋಗುತ್ತಾನೆ. ಬಸ್ ಚಾರ್ಜ್ ಯುವಜನ ಸಂಘದ ಡಬ್ಬಿಯಿಂದ. ಹೋದ ವಾರ ನಮ್ಮ ಇನ್ನೊಂದು ಹಳ್ಳಿಯ ಹಳೇ ಪೆಟ್ಟಿಗೆಯ ಎರಡು ಮನೆಗಳನ್ನು ತಾನೇ ಬಿಚ್ಚಿ ಸರಿಮಾಡಿದ.

ಹೋಗುವವರು ಬೆಳಿಗ್ಗೆ ಹನ್ನೊಂದರ ಒಳಗೆ ಹೋಗಿ. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಮುಚ್ಚುತ್ತಾರೆ. ಅವರು ಹೇಳಿದ ದಿನಕ್ಕೆ ಇನ್ನೂ ಹತ್ತು ದಿನ ಸೇರಿಸಿಕೊಳ್ಳಿ. ಕ್ರಿಸ್ಮಸ್‌ಗೆ ಬೇಕಾದರೆ ನವೆಂಬರ್ ಮೊದಲ ವಾರವೇ ಕೊಟ್ಟುಬಿಡಿ. ಮತ್ತೆ, ಪೆಟ್ಟಿಗೆಯನ್ನು ರಾಗಿ ಮೂಟೆ ಪಕ್ಕ ಇಡಬೇಡಿ.