ವರ್ಷದಿಂದ ಡ್ರೋನ್ ಡೆಲಿವರಿ ಬಳಸುತ್ತಿದ್ದೇನೆ: ತಕರಾರೆಲ್ಲ ಆ ಹಗ್ಗದ್ದು

ವೇಗದ ಬಗ್ಗೆ ನನ್ನದೇನೂ ದೂರಿಲ್ಲ. ಎಷ್ಟು ತೂಕ ಹೊರುತ್ತದೆ, ಎಷ್ಟು ದೂರ ಬರುತ್ತದೆ ಅನ್ನುವುದೆಲ್ಲ ಆ್ಯಪ್‌ನಲ್ಲೇ ಇದೆ, ನೋಡಿಕೊಳ್ಳಿ. ನಾನು ಬರೆಯಲು ಕೂತಿದ್ದು ಹಗ್ಗದ ಬಗ್ಗೆ.

ನಮ್ಮ ಮನೆಗೆ ಬರುವ ಡ್ರೋನ್ ನೆಲಕ್ಕೆ ಇಳಿಯುವುದಿಲ್ಲ. ಎರಡಂತಸ್ತಿನ ಎತ್ತರದಲ್ಲಿ ನಿಂತು, ತೆಳ್ಳಗಿನ ಹಗ್ಗದಲ್ಲಿ ಡಬ್ಬಿಯನ್ನು ಇಳಿಬಿಡುತ್ತದೆ. ಡಬ್ಬಿ ನೆಲಕ್ಕೆ ತಾಗುತ್ತದೆ, ಹಗ್ಗ ಸಡಿಲವಾಗುತ್ತದೆ, ತುದಿಯ ಕೊಕ್ಕೆ ತಾನೇ ಕಳಚಿಕೊಳ್ಳುತ್ತದೆ. ಆಮೇಲೆ ಖಾಲಿ ಕೊಕ್ಕೆ ಗಿರಗಿರ ತಿರುಗುತ್ತಾ ಮೇಲೆ ಹೋಗುತ್ತದೆ. ಅಷ್ಟೇ. ಆದರೂ ಇಷ್ಟು ದಿನವಾದ ಮೇಲೂ ಕೆಲಸ ಬಿಟ್ಟು ಹೋಗಿ ನೋಡುತ್ತೇನೆ.

ಇದಕ್ಕೆ ಮುಂಚೆ ನನ್ನದೊಂದು ತಯಾರಿ ಇರುತ್ತದೆ. ಆರ್ಡರ್ ಕೊಟ್ಟ ಕೂಡಲೇ ಹಿತ್ತಲಿಗೆ ಹೋಗುವುದು. ಒಣಗಲು ಹಾಕಿದ ಬಟ್ಟೆ ತೆಗೆಯುವುದು, ತಂತಿಯನ್ನೂ ಒಂದು ಕಡೆಯಿಂದ ಬಿಚ್ಚುವುದು. ಕುರ್ಚಿ ಗೋಡೆಗೆ ಒರಗಿಸುವುದು. ನಾಯಿಯನ್ನು ಒಳಗೆ ಕೂಡಿಹಾಕುವುದು, ಇಲ್ಲದಿದ್ದರೆ ಹಗ್ಗಕ್ಕೇ ಬಾಯಿ ಹಾಕುತ್ತದೆ. ಆಮೇಲೆ ಬಾಗಿಲಲ್ಲಿ ನಿಂತು ಕಾಯುವುದು, ಯಾಕೆಂದರೆ ಕೆಳಗೆ ಮನುಷ್ಯರು ಕಂಡರೆ ಅದು ಡಬ್ಬಿ ಇಳಿಸುವುದಿಲ್ಲ. ಬಾಗಿಲಿಗೆ ಬಂದು ಕೊಡುವವರಿಗೆ ಇಷ್ಟೆಲ್ಲ ಮಾಡಬೇಕಾಗಿರಲಿಲ್ಲ, ನಿಜ. ಆದರೆ ಮೊದಲ ಕೆಲವು ತಿಂಗಳು ಇದೂ ಖುಷಿಯೇ ಆಗಿತ್ತು.

ಗಾಳಿಗಾಲ ಶುರುವಾದ ಮೇಲೆ ಬಣ್ಣ ಬಯಲಾಯಿತು.

ಗಾಳಿ ಬೀಸಿದರೂ ಡ್ರೋನ್ ಹಾರುತ್ತದೆ, ಅದರಲ್ಲಿ ತೊಂದರೆಯಿಲ್ಲ. ಆದರೆ ಹಗ್ಗದ ತುದಿಯ ಡಬ್ಬಿ ತೂಗಾಡುತ್ತದೆ. ಹಗುರವಾದ ಸಾಮಾನಾದರೆ ಇನ್ನೂ ಜಾಸ್ತಿ. ತೂಗಾಟ ನಿಲ್ಲಲಿ ಅಂತ ಡ್ರೋನ್ ಮೇಲೆ ಕಾಯುತ್ತದೆ. ಹಾಗೆ ಕಾಯುವುದೇ ಅದಕ್ಕೆ ದುಬಾರಿ. ಇದಕ್ಕೆ ವಿಮಾನದ ಹಾಗೆ ರೆಕ್ಕೆ ಇದೆ, ಮುಂದಕ್ಕೆ ಹಾರುವಾಗ ಹೆಚ್ಚುಕಡಿಮೆ ಪೂರ್ತಿ ಭಾರವನ್ನು ಆ ರೆಕ್ಕೆಯೇ ಹೊರುತ್ತದೆ. ನಿಂತಲ್ಲೇ ನಿಂತಾಗ ಆ ಭಾರವೆಲ್ಲ ಪ್ರೊಪೆಲ್ಲರ್‌ಗಳ ಮೇಲೆ ಬೀಳುತ್ತದೆ, ಬ್ಯಾಟರಿ ಸರಸರ ಇಳಿಯುತ್ತದೆ. ವಾಪಸ್ ಹೋಗಲು ಬೇಕಾದಷ್ಟು ಚಾರ್ಜ್ ಉಳಿಸಿಕೊಳ್ಳಲೇಬೇಕು. ಹಾಗಾಗಿ ಸ್ವಲ್ಪ ಹೊತ್ತು ನೋಡಿ, ಹಗ್ಗ ಸುತ್ತಿಕೊಂಡು, ನನ್ನ ಪಾರ್ಸೆಲ್ ಸಮೇತ ಹೊರಟುಹೋಗುತ್ತದೆ.

ಬರಲೇ ಇಲ್ಲ ಅಂದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಕೈ ಚಾಚಿದರೆ ಸಿಗುವಷ್ಟು ಕೆಳಗೆ ಬಂದ ಪ್ರಿಂಟರ್ ಇಂಕ್ ಕಣ್ಣೆದುರೇ ಮೇಲಕ್ಕೆ ಹೋಗುವುದನ್ನು ನೋಡಬೇಕು, ಅಲ್ವಾ? ಹಣ ಮರುದಿನವೇ ವಾಪಸ್ ಬರುತ್ತದೆ. ಇಂಕ್ ಬರುವುದಿಲ್ಲ.

ಇನ್ನು ಮಳೆ. ಹೊರಗೆ ಕಾಲಿಡಲು ಮನಸ್ಸಿಲ್ಲದ ದಿನ ನೋಡಿ ಇದು ಬೇಕಾಗುವುದು. ಅವತ್ತೇ ಆ್ಯಪ್‌ನಲ್ಲಿ ‘ಸೇವೆ ಲಭ್ಯವಿಲ್ಲ’. ಇದರಲ್ಲಿ ಕಂಪನಿಯನ್ನು ಬೈಯಲಾರೆ. ಅಮೆಜಾನ್‌ನಂಥ ದೊಡ್ಡವರೂ ಪರೀಕ್ಷೆಯ ವೇಳೆ ಜಿನುಗು ಮಳೆಯಲ್ಲಿ ಡ್ರೋನ್‌ಗಳು ಬಿದ್ದ ಮೇಲೆ 2025ರ ಜನವರಿಯಲ್ಲಿ ಸೇವೆಯನ್ನು ಕೆಲಕಾಲ ನಿಲ್ಲಿಸಿದ್ದರು. ಅಮೆಜಾನ್ ಕಟ್ಟಿದ ಜೆಫ್ ಬೆಜೋಸ್ ಟೀವಿಯಲ್ಲಿ ಕೂತು, ಡ್ರೋನ್ ಡೆಲಿವರಿಗೆ ‘ಇನ್ನು ನಾಲ್ಕೈದು ವರ್ಷ’ ಅನ್ನುವ ಅರ್ಥದಲ್ಲಿ ಮಾತಾಡಿದ್ದು 2013ರ ಡಿಸೆಂಬರ್‌ನಲ್ಲಿ.

ಹಾಗಾದರೆ ಡ್ರೋನ್ ಎಲ್ಲೂ ನೆಟ್ಟಗೆ ಕೆಲಸ ಮಾಡುವುದಿಲ್ಲವೇ ಅಂದರೆ, ಮಾಡುತ್ತದೆ. ಆಫ್ರಿಕಾದ ರುವಾಂಡಾದಲ್ಲಿ ಜಿಪ್‌ಲೈನ್ ಅನ್ನುವ ಡ್ರೋನ್ ಕಂಪನಿಯವರು 2016ರಿಂದ ಆಸ್ಪತ್ರೆಗಳಿಗೆ ರಕ್ತ ಮುಟ್ಟಿಸುತ್ತಿದ್ದಾರೆ. ಅಲ್ಲಿ ಡ್ರೋನ್ ನಿಲ್ಲುವ ಗೋಜಿಗೇ ಹೋಗುವುದಿಲ್ಲ. ಹಾರುತ್ತಲೇ ಪ್ಯಾರಾಚೂಟ್ ಕಟ್ಟಿದ ಡಬ್ಬಿಯನ್ನು ಬೀಳಿಸಿ ಮುಂದೆ ಹೋಗುತ್ತದೆ. ಬೀಳಿಸುವ ಜಾಗ ದಿನವೂ ಅದೇ, ಖಾಲಿ ಜಾಗ, ಕಾದು ನಿಂತವರಿಗೆ ಕೆಲಸ ಗೊತ್ತು. ಮನೆ ಮನೆಗೆ ಹೋಗುವುದು ಬೇರೆಯೇ ಕಥೆ. ಒಬ್ಬರ ಹಿತ್ತಲಲ್ಲಿ ಮರ, ಇನ್ನೊಬ್ಬರದ್ದರಲ್ಲಿ ಕೇಬಲ್, ಮತ್ತೊಬ್ಬರಿಗೆ ಹಿತ್ತಲೇ ಇಲ್ಲ. ಅಪಾರ್ಟ್‌ಮೆಂಟಿನಲ್ಲಿರುವ ನನ್ನ ತಮ್ಮನಿಗೆ ಈ ಸೇವೆ ಸಿಗುವುದೇ ಇಲ್ಲ. ನಮ್ಮಲ್ಲೂ ಇಳಿಸುವ ಜಾಗ ಗುರುತು ಮಾಡಿದಾಗ ಬೋಳಾಗಿದ್ದ ಕೊಂಬೆ ಆಮೇಲೆ ಚಿಗುರಿ ಅಡ್ಡ ಬಂತು. ಗುರುತನ್ನು ಎರಡು ಹೆಜ್ಜೆ ಆಚೆ ಸರಿಸಿ ಅಂತ ಕೇಳಿ ಕೇಳಿ ಸಾಕಾಯಿತು. ಕೊನೆಗೆ ಕೊಂಬೆಯನ್ನೇ ಕಡಿಸಿದೆ.

ಅಕ್ಕಪಕ್ಕದವರ ವಿಚಾರವನ್ನೂ ಹೇಳಬೇಕು. ದೂರದಲ್ಲಿ ಹಾರುವಾಗ ಸದ್ದು ಗೊತ್ತಾಗುವುದಿಲ್ಲ. ಮನೆ ಮೇಲೆ ನಿಂತಾಗ ಕಿವಿಯ ಹತ್ತಿರ ಸೊಳ್ಳೆ ಬಂದ ಹಾಗೆ. ಜೋರು ಅಂತಲ್ಲ, ಕೀರಲು. ಪಕ್ಕದ ಮನೆಯವರು ನಗುತ್ತಲೇ ಅಂದರು, “ನಿಮ್ಮ ಪಾರ್ಸೆಲ್ ಬಂದದ್ದು ನಿಮಗಿಂತ ಮುಂಚೆ ನನಗೇ ಗೊತ್ತಾಗುತ್ತೆ. ಮಗು ಏಳುತ್ತಲ್ಲ!” ಆಮೇಲಿಂದ ಮಧ್ಯಾಹ್ನ ಆರ್ಡರ್ ಮಾಡುವುದು ಬಿಟ್ಟೆ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಇದೇ ಸದ್ದಿಗೆ ಬಡಾವಣೆಯ ಜನ ತಿರುಗಿಬಿದ್ದಿದ್ದರು. ಅದೇ ಊರಲ್ಲಿ 2021ರಲ್ಲಿ ಗೂಡು ಕಟ್ಟಿದ್ದ ಕಾಗೆ ಜಾತಿಯ ಹಕ್ಕಿಗಳು ಡ್ರೋನ್ ಮೇಲೆ ಎರಗಿ, ಒಂದು ಬಡಾವಣೆಯಲ್ಲಿ ಸೇವೆಯನ್ನೇ ನಿಲ್ಲಿಸಬೇಕಾಯಿತು. ಹಕ್ಕಿಗಳ ಪಕ್ಷ ನಾನು.

ಇಷ್ಟೆಲ್ಲ ಬೈದ ಮೇಲೆ ಒಂದು ಮಾತು. ಜ್ವರ ಬಂದು ಮಲಗಿದ್ದಾಗ, ಮನೆಯಲ್ಲಿ ಬೇರೆ ಯಾರೂ ಇಲ್ಲದ ದಿನ, ಥರ್ಮಾಮೀಟರ್‌ನ ಬ್ಯಾಟರಿ ಸತ್ತಿತ್ತು. ಹೊರಗೆ ಎಲೆ ಅಲುಗುತ್ತಿರಲಿಲ್ಲ. ಗುಂಡಿ ಗಾತ್ರದ ಬ್ಯಾಟರಿಯೂ ಜ್ವರದ ಮಾತ್ರೆಯೂ ಹಗ್ಗ ಹಿಡಿದು ಇಳಿದು ಬಂದವು. ಅಂಗಡಿಗೆ ನಡೆಯುವ ಸ್ಥಿತಿಯಲ್ಲಿ ನಾನಿರಲಿಲ್ಲ. ಸಣ್ಣದು, ಹಗುರವಾದದ್ದು, ಈಗಲೇ ಬೇಕಾದದ್ದು: ಇಂಥದ್ದಕ್ಕೆ ಇದನ್ನು ಮೀರಿಸಿದ್ದು ನಾನು ಕಂಡಿಲ್ಲ. ವಾರದ ಸಾಮಾನು ತರಿಸುವ ಆಸೆ ಇದ್ದರೆ ಬಿಟ್ಟುಬಿಡಿ.

ನನ್ನ ಕೈ ಸ್ವಲ್ಪ ಬಿಗಿ. ತಿಂಗಳ ಪ್ಲ್ಯಾನ್ ರದ್ದು ಮಾಡಿದ್ದೇನೆ, ಏಕೆಂದರೆ ಗಾಳಿಗಾಲದ ತಿಂಗಳಲ್ಲಿ ಸುಮ್ನೆ ದುಡ್ಡು ಕಟ್ಟಿದ ಹಾಗಾಗುತ್ತದೆ. ಬೇಕಾದಾಗ ಒಂದೊಂದೇ ಆರ್ಡರಿಗೆ ಕೊಡುತ್ತೇನೆ, ಅದು ಸ್ವಲ್ಪ ಜಾಸ್ತಿಯಾದರೂ ಲೆಕ್ಕಕ್ಕೆ ಸರಿಹೋಗುತ್ತದೆ. ಸದ್ಯಕ್ಕೆ ಮೂರು ಸ್ಟಾರ್. ಹಣ ಕಟ್ಟುವ ಮೊದಲೇ ‘ಇವತ್ತು ಗಾಳಿ ಇದೆ, ಡಬ್ಬಿ ಇಳಿಸುವುದು ಅನುಮಾನ’ ಅಂತ ಆ್ಯಪ್‌ನಲ್ಲಿ ಒಂದು ಸಾಲು ತೋರಿಸಲಿ, ನಾಲ್ಕನೆಯದನ್ನು ಅವತ್ತೇ ಒತ್ತುತ್ತೇನೆ.