ಹಳೆಯ ಹಿತ್ತಾಳೆಗೆ ದಸರಾ ಮಳಿಗೆಯೋ, ಸಂತೆ ಬೀದಿಯ ಪಾತ್ರೆ ಅಂಗಡಿಯೋ?

ಮಳೆ ಹಿಂದೆಗೆದು ಕೊಡಗಿನಲ್ಲಿ ಹಬ್ಬಗಳು ಸಾಲುಗಟ್ಟಿದರೆ ಹಳೆಯ ಸಾಮಾನು ಹುಡುಕುವವರಿಗೂ ಹುರುಪು ಬರುತ್ತದೆ. ಮಡಿಕೇರಿ ಮತ್ತು ಗೋಣಿಕೊಪ್ಪದ ದಸರಾ, ಅಕ್ಟೋಬರ್ 17ರ ಆಸುಪಾಸಿನಲ್ಲಿ ತಲಕಾವೇರಿಯ ತೀರ್ಥೋದ್ಭವ, ಆಮೇಲೆ ಹೊಸ ಭತ್ತದ ಕೊಯ್ಲಿನ ಹಬ್ಬ ಹುತ್ತರಿ. ಈ ಎಲ್ಲ ಕಡೆ ನಾನು ವರ್ಷಗಳಿಂದ ಹುಡುಕಿದ್ದೇನೆ, ಕೊಂಡಿದ್ದೇನೆ, ಬೇಡವೆಂದು ಬಿಟ್ಟೂ ಬಂದಿದ್ದೇನೆ. ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಹಬ್ಬದ ಮಳಿಗೆಯಲ್ಲಿ ಸಿಗುವುದು ಬಹುಪಾಲು ಹಳೆಯದರ ವೇಷ ತೊಟ್ಟ ಹೊಸದು. ನಿಜವಾದ ಹಳೆಯದು ಹಬ್ಬಕ್ಕೆ ಎರಡು ವಾರ ಮೊದಲೇ ಪಾತ್ರೆ ಅಂಗಡಿಯ ಹಿಂದಿನ ಕೋಣೆಗೆ ಬಂದು ಬಿದ್ದಿರುತ್ತದೆ.

ಮಡಿಕೇರಿ ದಸರಾ ರಾತ್ರಿಯ ಹಬ್ಬ. ನಾಲ್ಕು ಮಾರಿಯಮ್ಮ ದೇವಾಲಯಗಳ ಕರಗದಿಂದ ಶುರುವಾಗಿ ವಿಜಯದಶಮಿಯ ಇರುಳಿನ ದಶಮಂಟಪಗಳ ಮೆರವಣಿಗೆಯವರೆಗೆ ಊರು ನಿದ್ದೆ ಮಾಡುವುದಿಲ್ಲ. ಅಂಗಡಿಗಳಿಗೆ ಅದೇ ಅನುಕೂಲ, ಕೊಳ್ಳುವವರಿಗೆ ಅದೇ ತೊಂದರೆ. ಬಣ್ಣದ ಬಲ್ಬುಗಳ ಕೆಳಗೆ ಹಿತ್ತಾಳೆ ಯಾವುದು, ಕಂಚು ಯಾವುದು, ಬಣ್ಣ ಬಳಿದ ಕಬ್ಬಿಣ ಯಾವುದು ಎಂದು ಕಣ್ಣಿಗೆ ತಿಳಿಯುವುದಿಲ್ಲ. ಬಡಿದು ನೋಡೋಣವೆಂದರೆ ಧ್ವನಿವರ್ಧಕದ ಅಬ್ಬರ. ಗ್ರಾಮಫೋನ್, ಹಡಗಿನ ದಿಕ್ಸೂಚಿ, ಕೈಯಲ್ಲಿ ಬಾರಿಸುವ ಗಂಟೆ ಎಲ್ಲವೂ ಸಾಲಾಗಿ ಇರುತ್ತವೆ. ಒಂದೇ ಅಚ್ಚಿನ ನಾಲ್ಕು ಗಂಟೆಗಳು ಪಕ್ಕಪಕ್ಕದಲ್ಲಿ ಕಂಡರೆ ಅಲ್ಲಿಂದ ಮುಂದೆ ನಡೆಯುವುದು ಒಳ್ಳೆಯದು.

ನಾಣ್ಯಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಒಂದು ಬದಿಯಲ್ಲಿ ಹನುಮಂತನೋ ರಾಮಪಟ್ಟಾಭಿಷೇಕವೋ, ಇನ್ನೊಂದು ಬದಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹೆಸರು ಮತ್ತು 1818 ಎಂಬ ಇಸವಿ ಇರುವ ಬಿಲ್ಲೆಗಳನ್ನು ಭಕ್ತಿಯಿಂದ ಕೊಳ್ಳುವವರಿದ್ದಾರೆ. ಕಂಪನಿ ಅಂಥ ನಾಣ್ಯವನ್ನು ಟಂಕಿಸಲೇ ಇಲ್ಲ. ವಿಕ್ಟೋರಿಯಾ ರಾಣಿಯ ರೂಪಾಯಿಯಾದರೆ ತೂಗಿ ನೋಡಬಹುದು: ಅಸಲಿ ನಾಣ್ಯ 11.66 ಗ್ರಾಂ, ಅದರಲ್ಲಿ ನೂರಕ್ಕೆ ಸುಮಾರು 92 ಪಾಲು ಬೆಳ್ಳಿ. ಸವೆದದ್ದು ಸ್ವಲ್ಪ ಹಗುರವಿರುತ್ತದೆ, ಆದರೆ ಒಂಬತ್ತು ಗ್ರಾಮಿಗೆ ಇಳಿಯುವುದಿಲ್ಲ. ಅಂಗೈಯಗಲದ ಡಿಜಿಟಲ್ ತಕ್ಕಡಿಯೊಂದನ್ನು ನಾನು ಚೀಲದಲ್ಲಿಟ್ಟುಕೊಂಡೇ ಹೋಗುತ್ತೇನೆ. ಅದನ್ನು ಹೊರತೆಗೆದ ಕೂಡಲೇ ಕೆಲವು ಮಾರಾಟಗಾರರು ನಾಣ್ಯದ ತಟ್ಟೆಯನ್ನೇ ಎತ್ತಿಡುತ್ತಾರೆ. ದಸರಾದಲ್ಲಿ ನಾನು ನೆಮ್ಮದಿಯಿಂದ ಕೊಳ್ಳುವುದು 1943ರಿಂದ 1947ರವರೆಗಿನ ತೂತಿನ ಕಾಸುಗಳನ್ನು. ಅಗ್ಗದ ವಸ್ತುವನ್ನು ನಕಲು ಮಾಡಿದರೆ ಯಾರಿಗೂ ಲಾಭವಿಲ್ಲ.

ಇನ್ನು ಪಾತ್ರೆ ಅಂಗಡಿ. ತೀರ್ಥೋದ್ಭವದ ಹೊತ್ತಿಗೆ ಬರುವ ಕಾವೇರಿ ಸಂಕ್ರಮಣದ ಕಣಿಪೂಜೆಗೂ ಹುತ್ತರಿಗೂ ಮೊದಲು ಮನೆಮನೆಯಲ್ಲಿ ಹಿತ್ತಾಳೆ ಸಾಮಾನು ಅಟ್ಟದಿಂದ ಇಳಿಯುತ್ತದೆ. ಹುಣಸೆಹಣ್ಣು ಹಾಕಿ ಉಜ್ಜುವಾಗ ತಳ ತೂತಾದ ಚೆಂಬು, ಕಿವಿ ಮುರಿದ ಕೊಪ್ಪರಿಗೆ, ಯಾರೂ ಎತ್ತಲಾರದ ಹಂಡೆ ಬೇರೆಯಾಗುತ್ತವೆ. ಅವನ್ನು ತೂಕಕ್ಕೆ ಕೊಟ್ಟು ಹೊಸ ಸ್ಟೀಲು ತೆಗೆದುಕೊಂಡು ಹೋಗುವುದು ವಾಡಿಕೆ. ಜನ ಬರುವುದು ಸಂತೆಯ ದಿನ: ಮಂಗಳವಾರ ಕುಶಾಲನಗರ, ಬುಧವಾರ ವಿರಾಜಪೇಟೆ, ಶುಕ್ರವಾರ ಮಡಿಕೇರಿ, ಭಾನುವಾರ ಗೋಣಿಕೊಪ್ಪ. ಸಂತೆಯ ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಹೋದರೆ ಹಿಂದಿನ ದಿನದ ರಾಶಿ ಕರಗಿಸುವವರ ಲಾರಿಗೆ ಇನ್ನೂ ಏರಿರುವುದಿಲ್ಲ.

ಹಾಗೆ ಸಿಕ್ಕ ಗಿಂಡಿಯೊಂದು ಈಗ ನನ್ನ ಮೇಜಿನ ಮೇಲಿದೆ. ಕೊಕ್ಕಿನ ಬುಡದಲ್ಲಿ ಹಸಿರು ಕಿಲುಬು, ಕತ್ತಿನ ಬಳಿ ಬೆರಳು ಕೂರುವ ಜಾಗ ಮಾತ್ರ ನುಣುಪು. ತಳದ ಅಂಚು ಒಂದು ಬದಿಗೆ ಹೆಚ್ಚು ಸವೆದಿದೆ, ಯಾರೋ ಯಾವಾಗಲೂ ಒಂದೇ ಕೈಯಲ್ಲಿ ಎಳೆದಿಟ್ಟಂತೆ. ಹೊಟ್ಟೆಯ ಮೇಲೆ ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಹೊಡೆದ ಮನೆ ಹೆಸರಿನ ಮೊದಲ ಎರಡಕ್ಷರ. ಈಗಿನ ಅಂಗಡಿಗಳಲ್ಲಿ ವಿದ್ಯುತ್ ಯಂತ್ರದ ಮೊಳೆಯಿಂದ ಕೊರೆಯುವ ಹೆಸರು ಸಾಮಾನ್ಯವಾಗಿ ಗೀರಿನಂತೆ ಕಾಣುತ್ತದೆ, ಹೀಗೆ ಬಿಡಿ ಬಿಡಿ ಚುಕ್ಕಿಯಾಗಿ ಅಲ್ಲ. ಆಮ್ಲ ಸುರಿದು ಹಳೆಯದು ಮಾಡಿದ ವಸ್ತುವಿನಲ್ಲಿ ಕಪ್ಪು ಎಲ್ಲ ಕಡೆ ಒಂದೇ ಸಮ ಇರುತ್ತದೆ. ನಿಜವಾದ ಬಳಕೆ ಒಂದೆಡೆ ಬೆಳಗುತ್ತದೆ, ಒಂದೆಡೆ ಬಿಡುತ್ತದೆ. ತಗಡು ಬಡಿದು ಮಾಡಿದ ದೊಡ್ಡ ಪಾತ್ರೆಯಾದರೆ ಒಳಗೆ ಬೆಳಕು ಬಿಟ್ಟು ಬೆಸುಗೆಯ ಗೆರೆ ನೋಡಿ. ಹಳೆಯ ಕೆಲಸದಲ್ಲಿ ಎರಡು ತಗಡುಗಳು ಹಲ್ಲಿಗೆ ಹಲ್ಲು ಕೂಡಿಸಿದಂತೆ ಸೇರಿರುತ್ತವೆ.

"ಅಕ್ಕಾ, ಅದು ಕಂಚು, ಹಿತ್ತಾಳೆಯ ದರಕ್ಕೆ ಕೊಡುವುದಿಲ್ಲ" ಎಂದು ಅಂಗಡಿಯವರು ಮೊದಲೇ ಹೇಳಿದ್ದರು. ಬೆರಳ ಗೆಣ್ಣಿನಿಂದ ಬಡಿದರೆ ಕಂಚು ದೀರ್ಘವಾಗಿ ಮೊಳಗುತ್ತದೆ, ಹಿತ್ತಾಳೆಯ ದನಿ ಬೇಗ ಸಾಯುತ್ತದೆ, ಬಿರುಕು ಬಿಟ್ಟ ಕಂಚು ಒಡಕು ದನಿ ಕೊಡುತ್ತದೆ. ಗಿಂಡಿ ಮೊಳಗಿತು. ಅವರು ಕೇಳಿದ್ದನ್ನೇ ಕೊಟ್ಟೆ. ಹೆಚ್ಚುಕಡಿಮೆ ಅಷ್ಟೇ ಗಾತ್ರದ ಹೊಸ ಎರಕದ ಗಿಂಡಿಗೆ ದಸರಾ ಮಳಿಗೆಯಲ್ಲಿ ಅದರ ಎರಡು ಪಟ್ಟಿಗೂ ಮೇಲೆ ಕೇಳಿದ್ದರು.

ತೀರ್ಥೋದ್ಭವದ ಹೊತ್ತಿನ ಭಾಗಮಂಡಲದ ಜಾತ್ರೆಗೆ ಈ ಕೆಲಸಕ್ಕಾಗಿ ಹೋಗಬೇಕಿಲ್ಲ. ಅಲ್ಲಿ ತೀರ್ಥ ತುಂಬಿಸುವ ಹೊಸ ತಾಮ್ರದ ತಂಬಿಗೆಗಳು ಚೆನ್ನಾಗಿರುತ್ತವೆ, ಹಳೆಯದು ಕಾಣಸಿಗುವುದು ಅಪರೂಪ. ಗುಜರಿ ಅಂಗಡಿ ಪಾತ್ರೆ ಅಂಗಡಿಗಿಂತಲೂ ಅಗ್ಗ, ಆದರೆ ಸಾಮಾನು ಜಜ್ಜಿಹೋಗಿರುತ್ತದೆ. ತೋಟದ ಬಂಗಲೆಗಳಿಂದ ಬಂದ ಹಳೆಯ ಬೀಗ, ಬಾಗಿಲಿನ ಹಿತ್ತಾಳೆ ಕೀಲು, ಕಾಫಿ ಪುಡಿಮಾಡುವ ಕೈಯಂತ್ರ ಬೇಕಿದ್ದರೆ ಮಾತ್ರ ಗುಜರಿಯೇ ಸರಿ. ಮರದ ಸಾಮಾನನ್ನು ನಾನು ಈ ತಿಂಗಳುಗಳಲ್ಲಿ ಎಲ್ಲಿಯೂ ಕೊಳ್ಳುವುದಿಲ್ಲ. ಮಳೆಗಾಲದ ತೇವ ಹೀರಿದ ಕುರ್ಚಿ ಬೇಸಿಗೆಯಲ್ಲಿ ಕೀಲು ಬಿಡುತ್ತದೆ, ಹಲಸಿಗೆ ಗಾಢ ಬಣ್ಣ ಹಚ್ಚಿ ಬೀಟೆ ಎನ್ನುವುದೂ ಇದೆ.

ಎಲ್ಲಿ ಕೊಂಡರೂ ಮುಟ್ಟಬಾರದ ಕೆಲವು ಇವೆ. ಕೊಡವರು ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿಯಲ್ಲಿ ದಂತದ ಹಿಡಿಯದ್ದು, ಗೋಡೆಗೆ ಹಾಕುವ ಕಡವೆ ಕೊಂಬು ಎಷ್ಟೇ ಹಳೆಯವಾದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅವುಗಳ ಮಾರಾಟ ಅಪರಾಧ. ಕಾನೂನು ತಡೆಯದಿದ್ದರೂ ನಾನು ಬೇಡವೆನ್ನುವುದು ಐನ್‌ಮನೆಯ, ಅಂದರೆ ಕೊಡವ ಕುಟುಂಬದ ಮೂಲಮನೆಯ, ತೂಗುದೀಪವನ್ನು. ನೆಲ್ಲಕ್ಕಿ ನಡುಬಾಡೆ ಎಂಬ ನಡುಮನೆಯಲ್ಲಿ ತೂಗುವ ಈ ದೀಪ, ತೂಕ್‌ಬೊಳ್‌ಚ, ಇಡೀ ಒಕ್ಕದ್ದು, ಅಂದರೆ ಒಂದೇ ಮನೆತನದ ಎಲ್ಲರದು, ಮಾರಲು ತಂದ ಒಬ್ಬನದಲ್ಲ. ಸರಪಳಿಯ ಕೊಂಡಿಗಳು ಒಳಬದಿಗೆ ತೆಳುವಾಗಿ ಸವೆದಿದ್ದರೆ ಅದು ತಲೆಮಾರುಗಟ್ಟಲೆ ತೂಗಿದ ದೀಪ. ಅಂಥದ್ದೊಂದು ಅಂಗಡಿಯಲ್ಲಿ ಕಂಡಾಗ, ಯಾವ ಮನೆಯದೆಂದು ವಿಚಾರಿಸಿ ಅವರಿಗೆ ಒಂದು ಮಾತು ತಿಳಿಸಿ ಎಂದು ಅಂಗಡಿಯವರನ್ನೇ ಕೇಳಿಕೊಂಡೆ. ಒಕ್ಕದ ಹಿರಿಯರೊಬ್ಬರು ಬಂದು ತೂಕದ ಹಣ ಕೊಟ್ಟು ಅದನ್ನು ಹಿಂದಕ್ಕೆ ಒಯ್ದರೆಂದು ಮುಂದಿನ ಸಂತೆಯಲ್ಲಿ ಗೊತ್ತಾಯಿತು.